ಇಪ್ಪತ್ತೇಳು ಪ್ಯಾರಾಮೀಟರ್‌ಗಳ ಫಂಕ್ಷನ್ ಮತ್ತು ಒಬ್ಬ ರೈತನ ಪಟ್ಟಿ

ಗಂಗಾವತಿಯ ಒಂದು ಅಕ್ಕಿ ಗಿರಣಿಯ ಲೆಕ್ಕದ ತಂತ್ರಾಂಶವನ್ನು ನೋಡಿಕೊಳ್ಳುವ ಕೆಲಸ ನನ್ನದು. ಭತ್ತ ತಂದ ರೈತನಿಗೆ ಕೊಡುವ ಹಣದ ಪಟ್ಟಿಯನ್ನು ಸಿದ್ಧಪಡಿಸುವ ಫಂಕ್ಷನ್, ಅಂದರೆ ಕೊಟ್ಟ ಮಾಹಿತಿಯಿಂದ ಲೆಕ್ಕ ಮಾಡಿಕೊಡುವ ಪುಟ್ಟ ಪ್ರೋಗ್ರಾಂ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿದೆ, ಅದಕ್ಕೆ ಕ್ರಮ ತಪ್ಪದೆ ಕೊಡಬೇಕಾದ ಇಪ್ಪತ್ತೇಳು ಮಾಹಿತಿಗಳು, ಅಂದರೆ ಪ್ಯಾರಾಮೀಟರ್‌ಗಳು, ಇವೆ. ಅವುಗಳಲ್ಲಿ ಹತ್ತೊಂಬತ್ತು ಬರೀ ಸಂಖ್ಯೆಗಳು: ಚೀಲ, ದರ, ತೇವಾಂಶ, ತೂಕದ ಕಡಿತ, ಹಮಾಲಿ, ಮುಂಗಡ, ಹೀಗೆ ಒಂದರ ಹಿಂದೆ ಒಂದು.

ಕಳೆದ ವಾರ 75 ಕೆ.ಜಿ.ಯ 180 ಚೀಲ ತಂದ ರೈತರೊಬ್ಬರ ಪಟ್ಟಿಯಲ್ಲಿ 18 ಕ್ವಿಂಟಲ್ ತೂಕ ಕಡಿತವಾಗಿತ್ತು. ಚೀಲಕ್ಕೆ 1 ಕೆ.ಜಿ. ಕಡಿತ, 10 ರೂಪಾಯಿ ಹಮಾಲಿ ಎಂದು ಹೋಗಬೇಕಿದ್ದ ಎರಡು ಮೌಲ್ಯಗಳು ತಂತ್ರಾಂಶದ ಹೊಸ ಪರದೆಯಿಂದ ಅದಲುಬದಲಾಗಿ ಹೋಗಿದ್ದವು. ಎರಡೂ ಸಂಖ್ಯೆಗಳೇ ಆದ್ದರಿಂದ ಡೇಟಾಬೇಸ್ ಚಕಾರವೆತ್ತಲಿಲ್ಲ. ಆ ಹಿರಿಯರು ಚೀಟಿ ಹಿಡಿದು, "ನನ್ನ ಭತ್ತ ಎಲ್ಲಿ ಹೋಯ್ತಪ್ಪಾ?" ಎಂದು ಕೇಳಿದಾಗ ನನಗೆ ತಲೆಯೆತ್ತಲಾಗಲಿಲ್ಲ.

ಇದು ಒಂದೇ ದಿನದಲ್ಲಿ ಬೆಳೆದದ್ದಲ್ಲ. ಹೊಸ ಕಡಿತ ಬಂದಾಗಲೆಲ್ಲ, ಕೊನೆಯಲ್ಲಿ ಇನ್ನೊಂದು ಪ್ಯಾರಾಮೀಟರ್ ಸೇರಿಸಿ ಅದಕ್ಕೆ ಡಿಫಾಲ್ಟ್ ಮೌಲ್ಯ (ಏನೂ ಕೊಡದಿದ್ದರೆ ತಾನೇ ಹಿಡಿಯುವ ಮೌಲ್ಯ) ಕೊಟ್ಟರಾಯಿತು ಎಂಬ ಉದಾಸೀನದಿಂದ ಬೆಳೆದದ್ದು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಪ್ಯಾರಾಮೀಟರ್‌ಗಳ ಪಟ್ಟಿ ಬದಲಾದಾಗ ಪೋಸ್ಟ್‌ಗ್ರೆಸ್ ಹಳೆಯ ಫಂಕ್ಷನ್ನನ್ನು ತಿದ್ದುವುದಿಲ್ಲ, ಅದೇ ಹೆಸರಿನ ಇನ್ನೊಂದನ್ನು ಹುಟ್ಟಿಸುತ್ತದೆ. ನಮ್ಮಲ್ಲಿ 21, 24, 27 ಪ್ಯಾರಾಮೀಟರ್‌ಗಳ ಮೂರೂ ಜೀವಂತವಾಗಿವೆ, ಹಳೆಯ ವರದಿಯೊಂದು ಇಂದಿಗೂ ಇಪ್ಪತ್ತೊಂದರದ್ದನ್ನೇ ಕರೆಯುತ್ತಿರುವುದರಿಂದ ಹೊಸ ಕಡಿತಗಳು ಅದರಲ್ಲಿ ಕಾಣಿಸುವುದೇ ಇಲ್ಲ.

ಇದನ್ನು ಮೇಲಿನವರಿಗೆ ಹೇಳಿದರೆ, ನೂರರವರೆಗೆ ಅವಕಾಶವಿದೆಯಲ್ಲ ಎಂಬ ಉತ್ತರ ಬಂತು. ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಮಿತಿ 100 ಎಂಬುದು ನಿಜ, ಆದರೆ ಅದು ಯಂತ್ರದ ಮಿತಿಯೇ ಹೊರತು ಅದನ್ನು ಓದುವ ಮನುಷ್ಯನದ್ದಲ್ಲ. ಆರೇಳು ದಾಟಿದರೆ ನನ್ನ ಕಣ್ಣಿಗೇ ಕ್ರಮ ತಪ್ಪುತ್ತದೆ. ಕಡಿತಗಳನ್ನೆಲ್ಲ ಒಂದು ಟೇಬಲ್‌ನಲ್ಲಿ ಸಾಲುಗಳಾಗಿ ಇಟ್ಟು, ಫಂಕ್ಷನ್‌ಗೆ ಆ ಲಾಟಿನ (ರೈತ ಒಮ್ಮೆಗೆ ತಂದ ಭತ್ತದ) ಸಂಖ್ಯೆಯನ್ನಷ್ಟೇ ಕೊಟ್ಟರೆ ಸಾಕು. ಅದಾಗುವವರೆಗೆ ಕನಿಷ್ಠ ಪಕ್ಷ ಪ್ರತಿ ಮೌಲ್ಯವನ್ನೂ ಅದರ ಪ್ಯಾರಾಮೀಟರ್‌ನ ಹೆಸರಿನೊಂದಿಗೇ ಕಳಿಸಬಹುದು, ಆ ಸೌಲಭ್ಯ ವರ್ಷಗಳಿಂದ ಇದೆ. ಎರಡಕ್ಕೂ ಸಮಯವಿಲ್ಲವಂತೆ, ರೈತರ ಮುಂದೆ ನಿಂತು ಪಟ್ಟಿ ತಿದ್ದಿಕೊಡುವುದಕ್ಕೆ ಮಾತ್ರ ನನ್ನ ಬಳಿ ಸಮಯವಿರಬೇಕಂತೆ!

ಇಂದು ಬೆಳಿಗ್ಗೆ ಇನ್ನೊಂದು ಕಡಿತ ಸೇರಿಸಬೇಕೆಂಬ ಸೂಚನೆ ಬಂದಿದೆ. ಇಪ್ಪತ್ತೆಂಟನೆಯ ಪ್ಯಾರಾಮೀಟರನ್ನು ನಾನು ಬರೆಯುವುದಿಲ್ಲವೆಂದು ಉತ್ತರಿಸಿದ್ದೇನೆ.