ಏಪ್ರಿಲ್ ಒಂದರ ಬೋರ್ಡು

2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಹೊಟ್ಟೆ ಸೇರಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬರೋಡಾ ಪಾಲು. 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟು ಕೆನರಾಕ್ಕೆ. ತಾರೀಕು ಹಣಕಾಸು ವರ್ಷದ್ದು, ಮೂರ್ಖರ ದಿನದ್ದಲ್ಲ ಎಂದೇ ನಂಬೋಣ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು ಇಂದಿಗೂ ಅದೇ ಹೆಸರಲ್ಲಿ ಬದುಕಿರುವುದು ಬೆಂಗಳೂರಿನ ಕಂಡಕ್ಟರುಗಳ ಬಾಯಲ್ಲಿ: ‘ಯಾರ್ರೀ ಮೈಸೂರ್ ಬ್ಯಾಂಕ್?’

ಹೆಸರು ವಿಲೀನವಾಗುತ್ತದೆ, ಗೋಡೆ ಆಗುವುದಿಲ್ಲ. ಪೇಟೆಯ ಹಳೇ ಬ್ಯಾಂಕಿನ ನೆತ್ತಿಯ ಮೇಲೆ ಗಾರೆಯಲ್ಲಿ ಉಬ್ಬಿಸಿ ಬರೆದ ಅಕ್ಷರಗಳಿವೆಯೇ? ಡ್ರಿಲ್ಲು ತನ್ನಿ. ಕಬ್ಬಿಣದ ಚೌಕಟ್ಟು ಹೊಡೆದು 4 ಮಿ.ಮೀ. ಎಸಿಪಿ (ಪ್ಲಾಸ್ಟಿಕ್ಕಿಗೆ ಎರಡೂ ಕಡೆ ಅಲ್ಯುಮಿನಿಯಂ ಅಂಟಿಸಿದ) ಶೀಟು ಹೊದಿಸಿ. ಬೋಲ್ಟಿನ ತೂತಲ್ಲಿ ಮಳೆನೀರು ಇಳಿಯುತ್ತದೆ, ಶೀಟಿನ ಹಿಂದೆ ಪಾರಿವಾಳಗಳು ಕೆವೈಸಿ ಇಲ್ಲದೆ ಖಾತೆ ತೆರೆಯುತ್ತವೆ.

ಇನ್ನು ನವೀಕರಣ. ಒಂದೂವರೆ ಅಡಿ ದಪ್ಪದ ಸುಣ್ಣಗಾರೆ ಗೋಡೆ ನೆಲದ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಅಷ್ಟು ಸ್ವಾತಂತ್ರ್ಯ ಗೋಡೆಗೇಕೆ? ಸಿಮೆಂಟು ಪ್ಲಾಸ್ಟರು, ಪುಟ್ಟಿ, ಮೇಲೆ ಪ್ಲಾಸ್ಟಿಕ್ ಎಮಲ್ಷನ್. ದಾರಿ ಕಾಣದ ತೇವ ಗೋಡೆಯೊಳಗೇ ಮೇಲೇರುತ್ತದೆ. ಅದರ ಉಪ್ಪು ಬಣ್ಣದ ಹಿಂದೆ ಹರಳುಗಟ್ಟುತ್ತದೆ. ಎರಡು ಮಳೆಗಾಲಕ್ಕೆ ಹಕ್ಕಳೆ ಎದ್ದು ಮ್ಯಾನೇಜರರ ಮೇಜಿನ ಮೇಲೆ ಉದುರುತ್ತದೆ. ಕಂಟ್ರಾಕ್ಟರ್ ಗೋಡೆ ತಟ್ಟಿ ಹೇಳುತ್ತಾನೆ: ‘ಹಳೇ ಬಿಲ್ಡಿಂಗು ಸಾರ್, ಏನ್ಮಾಡಕ್ಕಾಗತ್ತೆ.’ ಮತ್ತೊಂದು ಕೋಟ್ ಸಿಮೆಂಟು.

ಮೇಲೆ ಮದ್ರಾಸ್ ತಾರಸಿ. ತೇಗದ ತೊಲೆ, ಮಗ್ಗುಲಾಗಿ ನಿಲ್ಲಿಸಿದ ಇಟ್ಟಿಗೆ, ಬೆಲ್ಲ–ಅಳಲೆಕಾಯಿ ನೀರು ಹಾಕಿ ಬಡಿದು ಕೂರಿಸಿದ ಸುಣ್ಣದ ಜಲ್ಲಿ. ಅದರ ಮೇಲೆ ನೀರಿನ ಟ್ಯಾಂಕು, ಜನರೇಟರು, ಎಸಿಯ ಹೊರಘಟಕ. ಕೆಳಗೆ ಜಿಪ್ಸಂ ಫಾಲ್ಸ್ ಸೀಲಿಂಗು, ಯಾಕೆಂದರೆ ತೊಲೆ ಕಂಡರೆ ಗ್ರಾಹಕರಿಗೆ ಡಿಜಿಟಲ್ ಅನ್ನಿಸುವುದಿಲ್ಲ. ತೊಲೆಯ ತುದಿ ಕೊಳೆಯಲು ಶುರುವಾಗುವುದು ಗೋಡೆಯೊಳಗೆ ಹುದುಗಿದ ಕಡೆ. ಫಾಲ್ಸ್ ಸೀಲಿಂಗ್ ಇದ್ದರೆ ಅದನ್ನು ನೋಡುವ ತೊಂದರೆಯೂ ಇಲ್ಲ.

ಸರಿಯಾದ ದುರಸ್ತಿ ಗೊತ್ತಿಲ್ಲವೆಂದಲ್ಲ. ಸಿಮೆಂಟು ಕೆತ್ತಿ ತೆಗೆದು, ಗೋಡೆ ಒಣಗಲು ಬಿಟ್ಟು, ವಾರಗಟ್ಟಲೆ ನೆನೆಸಿದ ಸುಣ್ಣದಿಂದ ಪದರ ಪದರವಾಗಿ ಗಾರೆ ಮಾಡಬೇಕು. ಪ್ರತಿ ಪದರವೂ ಗಾಳಿ ಕುಡಿದು ನಿಧಾನವಾಗಿ ಗಟ್ಟಿಯಾಗಬೇಕು. ಸುಣ್ಣಕ್ಕೆ ಮಾರ್ಚ್ 31 ಗೊತ್ತಿಲ್ಲ. ಬಜೆಟ್ಟಿಗೆ ಅದೊಂದೇ ಗೊತ್ತು. ಹಾಗಾಗಿ ಫೆಬ್ರವರಿಯಲ್ಲಿ ಟೆಂಡರು, ಮಾರ್ಚ್ ಕೊನೆಗೆ ಸಿಮೆಂಟು, ಬಿಲ್ ಪಾಸು. ಗೋಡೆ ಇನ್ನೂ ಹಸಿಯಿರುವಾಗಲೇ ಪೇಂಟು, ಯಾಕೆಂದರೆ ಉದ್ಘಾಟನೆಗೆ ಬರುವವರು ಆಗಲೇ ವಿಮಾನ ಹತ್ತಿದ್ದಾರೆ.