ಸ್ಪಷ್ಟನೆ: ಸ್ಟೀಲ್‌ಡ್ರೈವರ್ಸ್ 2010ಕ್ಕೇ ಮುಗಿಯಲಿಲ್ಲ

"ಗಾಯಕ ಕ್ರಿಸ್ ಸ್ಟೇಪಲ್ಟನ್ ಬಿಟ್ಟ ಮೇಲೆ ಸ್ಟೀಲ್‌ಡ್ರೈವರ್ಸ್ ಕಥೆ ಮುಗಿಯಿತು, ಅಭಿಮಾನಿಗಳೂ ಕೈಬಿಟ್ಟರು" ಎಂಬ ಮಾತು ಓಡಾಡುತ್ತಿದೆ. ಅದು ತಪ್ಪು.

ನ್ಯಾಶ್‌ವಿಲ್‌ನ ಈ ಬ್ಲೂಗ್ರಾಸ್ (ಅಮೆರಿಕದ ಒಂದು ಜಾನಪದ ಸಂಗೀತ ಶೈಲಿ) ತಂಡದಿಂದ ಸ್ಟೇಪಲ್ಟನ್ ಹೊರಟಿದ್ದು 2010ರಲ್ಲಿ, ಅದು ನಿಜ. ಅವರ ಜಾಗಕ್ಕೆ ಗ್ಯಾರಿ ನಿಕೋಲ್ಸ್ ಬಂದರು. ತಂಡಕ್ಕೆ ಗ್ರ್ಯಾಮಿ ಸಿಕ್ಕಿದ್ದು ಆಮೇಲೆ, 2016ರಲ್ಲಿ, ನಿಕೋಲ್ಸ್ ಹಾಡಿದ ಆಲ್ಬಂಗೆ! ಅದೇ ವರ್ಷ ಸ್ಟೇಪಲ್ಟನ್‌ಗೂ ಕಂಟ್ರಿ ಸಂಗೀತದ ವಿಭಾಗದಲ್ಲಿ ಗ್ರ್ಯಾಮಿ ಬಂತು. ಬಹುಶಃ ಗೊಂದಲ ಅಲ್ಲೇ ಶುರುವಾಗಿದೆ.

2017ರಲ್ಲಿ ನಿಕೋಲ್ಸ್ ಕೂಡ ಹೊರಟರು. ಆದರೂ ತಂಡ ನಿಲ್ಲಲಿಲ್ಲ. 'ಸ್ಟೀಲ್‌ಹೆಡ್ಸ್' ಎಂದು ಕರೆದುಕೊಳ್ಳುವ ಅಭಿಮಾನಿಗಳು ಸುಮ್ನೆ ತಂಡದ ಜೊತೆ ಉಳಿದವರಲ್ಲ, ಅದಕ್ಕೆ ಕಾರಣವಿದೆ. ಹಾಡುಗಾರ ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಟ್ಯಾಮಿ ರಾಜರ್ಸ್ ಪಿಟೀಲು ನುಗ್ಗಿ ಬರುತ್ತದಲ್ವಾ? ಜೊತೆಗೆ ರಿಚರ್ಡ್ ಬೈಲಿ ಬ್ಯಾಂಜೊ. ಇಬ್ಬರೂ ಮೊದಲ ದಿನದಿಂದ ಇದ್ದವರು. ಗಾಯಕರು ಬದಲಾದರೂ ಆ ನಾದ ಬದಲಾಗಲಿಲ್ಲ.