ನೀರಾಗಿರೋ ಮನಿಗೆ ವಾಪಸ್ ಹೋಗೂದು ಹೆಂಗ?

ಹಗುರಾದ ಪ್ರೇಮದ ಕಾದಂಬರಿ ಓದೋರನ್ನ ಕಂಡ್ರ "ಟೈಮ್‌ಪಾಸ್" ಅಂತಾರಲ್ಲ, ಅವ್ರಿಗೆ ಒಂದ ಮಾತ ಹೇಳಾಕ ಕುಂತೀನಿ ಇವತ್ತ. ಉದ್ದ ಆಗ್ತೈತಿ, ಪುರುಸೊತ್ತಿದ್ರ ಓದ್ರಿ.

ಹೋದ ವರ್ಷ ನನ್ನ ಎಂಗೇಜ್‌ಮೆಂಟ್ ಮುರೀತು. ಯಾಕ ಏನು ಅಂತ ಇಲ್ಲಿ ಬರಿಯಂಗಿಲ್ಲ. ಬೆಂಗಳೂರಾಗ ರೂಮ್ ಖಾಲಿ ಮಾಡಿ ಎರಡ ಬ್ಯಾಗ, ಒಂದ ಕುಕ್ಕರ್ ಹಿಡ್ಕೊಂಡ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬಾಗಲಕೋಟಿಗೆ ಬಂದ ಇಳದೆ. ಬಂದ ಮ್ಯಾಲ ಒಂದ ತಿಂಗಳ ಯಾರ ಜೋಡಿನೂ ಮಾತಾಡಾಕ ಮನಸಿರಲಿಲ್ಲ, ಗೆಳತಿ ಒಬ್ಬಾಕಿ ಫೋನಿಗೆ ಇಂಥಾವ ಇಂಗ್ಲಿಷ್ ಕಾದಂಬರಿ ಕಳಿಸಿದ್ಲು, ಒಂದಾದ ಮ್ಯಾಲೊಂದ ಎಂಟ್-ಹತ್ತ ಓದಿ ಮುಗಿಸಿದೆ. ಎಲ್ಲಾದ್ರಾಗೂ ಹುಡುಗಿ ದೊಡ್ಡ ಊರಾಗ ಕೆಲಸ ಇಲ್ಲಾ ಹುಡುಗನ್ನ ಕಳ್ಕೊಂಡ ಸಣ್ಣ ಊರಿಗೆ ವಾಪಸ್ ಬರ್ತಾಳ, ಸಾಲ್ಯಾಗ ಜೋಡಿ ಕಲತವ ಒಬ್ಬ ಅಲ್ಲೇ ಅಂಗಡಿ ಇಟ್ಕೊಂಡಿರ್ತಾನ, ಜಗಳ ಆಡ್ತಾರ, ಊರ ಮಂದಿ ಎಲ್ಲಾ ನಡಕ ಬಾಯಿ ಹಾಕ್ತಾರ, ಕಡೀಕ ಇಬ್ರೂ ಕೂಡ್ತಾರ. ಮೊದಲನೇ ಪುಟದಾಗ ಗೊತ್ತಾಗಿಬಿಡ್ತೈತಿ.

ಗೊತ್ತಾದ್ರೇನಾತು? ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಆಟ ನೋಡ್ರಿ. ಕೃಷ್ಣ ಪಾರಿಜಾತದ ಹೂವ ರುಕ್ಮಿಣಿಗೆ ಕೊಟ್ಟ ಅಂತ ಸತ್ಯಭಾಮಾ ಸಿಟ್ಟಿಗೇಳ್ತಾಳ, ಕಡೀಕ ಆ ಸಿಟ್ಟ ಇಳಿತೈತಿ ಅಂತ ಸಣ್ಣ ಹುಡುಗೂರಿಗೂ ಗೊತ್ತು. ಆದ್ರೂ ಬೆಳತನಕ ಕುಂತ ನೋಡ್ತಾರ, ಯಾಕಂದ್ರ ಆಕಿ ಹೆಂಗ ಸಿಟ್ಟಾದ್ಲು, ದೂತಿ ಏನಂದ್ಲು, ಭಾಗವತ ನಡಕ ಏನ ಚೇಷ್ಟಿ ಮಾಡಿದ ಅನ್ನೂದ್ರಾಗ ಐತಿ ರುಚಿ. ಕುಲಗೋಡ ತಮ್ಮಣ್ಣ ಹಾಡು ಕಟ್ಟಿದ್ದು, ಕೌಜಲಗಿ ನಿಂಗಮ್ಮ ಬಣ್ಣ ಹಚ್ಚಿ ಕುಣದದ್ದು ಇಂಥಾ ಗಂಡ-ಹೆಂಡಿರ ಜಗಳಾನ ಅಲ್ಲೇನ್ರಿ? ಅದನ್ನ ಟೈಮ್‌ಪಾಸ್ ಅಂತ ಯಾರರ ಅಂದಾರೇನು?

ಆದ್ರ ಈ ಕಾದಂಬರಿ ಒಳಗ ಒಂದ ವಿಷಯ ನನಗ ಪ್ರತಿ ಸಲಾನೂ ಚುಚ್ಚತಿತ್ತು. ಆ ಹುಡುಗಿ ವಾಪಸ್ ಬಂದಾಗ ಮನಿ ಇದ್ದಂಗ ಇರ್ತೈತಿ. ಅಕಿ ಖೋಲಿ, ಕಿಡಕಿ, ಗ್ವಾಡಿ ಮ್ಯಾಲ ಸಾಲ್ಯಾಗಿದ್ದಾಗ ಅಂಟಿಸಿದ್ದ ಫೋಟೋ ಎಲ್ಲಾ. ನನಗ ಅಂಥಾ ಮನಿ ಎಲ್ಲೈತಿ? ನಾ ಎರಡನೇತ್ತಾ ಕಲಿಯೂಮುಂದ ನಮ್ಮ ಮನಿ ಆಲಮಟ್ಟಿ ಹಿನ್ನೀರಿಗೆ ಹೋತು. ಲಾಲ್ ಬಹಾದ್ದೂರ್ ಶಾಸ್ತ್ರಿ ಅವ್ರು 1964ರಾಗ ಅಡಿಗಲ್ಲ ಹಾಕಿದ ಡ್ಯಾಮು, ಅದು ತುಂಬಿದಾಗ ಘಟಪ್ರಭಾ ದಂಡಿಮ್ಯಾಗಿನ ನಮ್ಮ ಓಣಿ ಮಟಾ ನೀರು ಬಂತು. ಮನಿ ಅಳತಿ ಆತು, ಪರಿಹಾರ ಬಂತು, ಮುಳುಗಡಿ ಆದವ್ರಿಗೆ ಅಂತ ಕಟ್ಟಿದ ನವನಗರದಾಗ ಪ್ಲಾಟ್ ಸಿಕ್ತು. ನಮ್ಮ ಆಯಿ ಮಾತ್ರ ಹಳೇ ಮನಿ ತೊಲಿಬಾಗಲಾ ಬಿಟ್ಟ ಬರಾಂಗಿಲ್ಲ ಅಂತ ಹಟಾ ಹಿಡದ್ಲು. ಸಾಗವಾನಿ ಚೌಕಟ್ಟು, ಹೊಸ್ತಿಲು ಕಿತ್ತಿಸಿ ಟ್ರ್ಯಾಕ್ಟರ್‌ನ್ಯಾಗ ಹೇರ್ಕೊಂಡ ಬಂದಾರ. ಹೊಸಾ ಮನಿ ಗ್ವಾಡಿಗೆ ಅದು ಒಂದ ಗೇಣ ಎತ್ತರ ಆತು, ಗೌಂಡಿ ಕೊಯ್ಯೂಣ ಅಂದ, ಆಯಿ ಚೌಕಟ್ಟ ಮುಟ್ಟಬ್ಯಾಡ, ಗ್ವಾಡೀನ ಎತ್ತರ ಮಾಡು ಅಂದ್ಲು. ಇವತ್ತಿಗೂ ನಮ್ಮ ಸೆಕ್ಟರ್‌ನ್ಯಾಗ ನಮ್ಮ ಮನಿ ಬಾಗಲಾನ ಎಲ್ಲಾರಕಿಂತ ಎತ್ತರ ಐತಿ, ಹೊಸ್ತಿಲ ಎಡಕ್ಕ ಆಯಿ ಅರಿಷಿಣ ಹಚ್ಚಿ ಹಚ್ಚಿ ಹಳದಿ ಆದ ಜಾಗಾ ಹಂಗ ಐತಿ.

ಮುಂದಕ್ಕ ಹೋಗಬೇಕು, ಮರೀಬೇಕು ಅಂತ ನನಗ ಎಲ್ಲಾರೂ ಹೇಳ್ತಿದ್ರು. ಆ ಬಾಗಲಾ ನೋಡಿದ ಮ್ಯಾಲ ನನಗ ತಿಳೀತು, ಮರತ ಮುಂದ ಹೋದವ್ರು ನಮ್ಮ ಊರಾಗ ಯಾರೂ ಇಲ್ಲ. ಹೊತಗೊಂಡ ಹೋದವ್ರ ಎಲ್ಲಾ. ಹೋಳಿ ಹುಣ್ವಿಗೆ ನವನಗರದವ್ರೂ ಹಲಗಿ ತಗೊಂಡ ಹಳೇ ಊರಿಗೇ ಹೋಗ್ತಾರ, ಬಂಡ್ಯಾಗ ಬ್ಯಾರಲ್ ಇಟ್ಕೊಂಡ ಬಣ್ಣ ಆಡ್ತಾರ. ಡ್ಯಾಮಿನ ನೀರಿನ ಮಟ್ಟ 519.60 ಮೀಟರ್ ಇದ್ದದ್ದು 524.256 ಆಗ್ತೈತಿ ಅನ್ನೂ ಮಾತು ಇನ್ನೂ ನಡದೇ ಐತಿ, ಇನ್ನ ಎಷ್ಟ ಮಂದಿ ಬಾಗಲಾ ಕಿತ್ಕೊಂಡ ಹೋಗಬೇಕೋ.

ಅದಕ್ಕ ನನಗ ಇಂಥಾ ಕಾದಂಬರಿ ನಮ್ಮ ಮಾತಿನ್ಯಾಗ ಬೇಕು. ಅಳೂದಲ್ಲ, ನಗೂದ. ಮುಳುಗಡಿ ಅಂದ್ರ ಬರೇ ದುಃಖದ ಕತೀನ ಬರಿಬೇಕು ಅಂತ ಯಾರ ಹೇಳ್ಯಾರ? ಮುಳುಗಡಿ ಊರಾಗೂ ಹುಡುಗ್ರು ಹುಡುಗ್ಯಾರು ಒಬ್ರನ್ನೊಬ್ರು ನೋಡಿ ನಕ್ಕಾರ, ಪರಿಹಾರದ ಚೆಕ್ ಬಂದ ವಾರದಾಗ ಲಗ್ನ ಆಗ್ಯಾವ.

ಅವ್ವಗ ಇಂಗ್ಲಿಷ್ ಬರಂಗಿಲ್ಲ. ದಿನಾ ಸಂಜಿಕೆ ಅಕಿ ರೊಟ್ಟಿ ಬಡಿಯೂಮುಂದ ಬಾಜೂಕ ಕುಂತ ಓದಿದ್ದನ್ನ ಹೇಳ್ತಿದ್ದೆ. ನನ್ನ ಬಾಯಾಗ ಬರೂವಾಗ ಆ ಊರು ತಾನ ಬಾಗಲಕೋಟಿ ಆಗ್ತಿತ್ತು, ಬೇಕರಿ ಇದ್ದದ್ದು ಗಿರಮಿಟ್ ಅಂಗಡಿ ಆಗ್ತಿತ್ತು. ಮುರಕೊಂಡ ಹೋದ ಹುಡುಗ ಕಡೇ ಅಧ್ಯಾಯದಾಗ ವಾಪಸ್ ಬಂದು ಬಾಗಲದಾಗ ನಿಂತ ಅಂದಾಗ ಅವ್ವನ ಕೈ ನಿಂತ್ವು.

"ಒಳಗ ಕರದ್ಲೇನ?"

"ಇಲ್ಲಬೇ. ಹೊರಗ ಕಟ್ಟಿ ಮ್ಯಾಲ ಕುಂಡ್ರಿಸಿ ಚಾ ಕೊಟ್ಟ ಕಳಿಸಿದ್ಲು."

"ಚಾ ಯಾಕ ಕೊಡಬೇಕಿತ್ತು ಅವ್ನ ಬಾಯಿಗೆ!"

ಅಂದಾಕಿನ ನಗಾಕ ಹತ್ತಿದ್ಲು. ಎಂಗೇಜ್‌ಮೆಂಟ್ ಮುರದ ಮ್ಯಾಲ ಅವ್ವ ನಕ್ಕದ್ದು ಅವತ್ತ ಮೊದಲ. ಹಂಚಿನ ಮ್ಯಾಗಿನ ರೊಟ್ಟಿ ಕರಕಾತು, ಇಬ್ರೂ ಅದನ್ನ ಶೇಂಗಾ ಚಟ್ನಿ ಹಚ್ಕೊಂಡ ಹಂಗ ತಿಂದ್ವಿ.